ಕಂಬಿಯ ಮೇಲಿನ ಕೈಗವಸು

ಜನವರಿಯ ಮೊದಲ ವಾರ ಬರುವುದೆಲ್ಲ ನವೀಕರಣದ ಕಾಗದ:
ಕಾರಿನ ವಿಮೆ, ಟೀವಿಯ ಪರವಾನಗಿ,
ಬಾಯ್ಲರಿನ ತಪಾಸಣೆ, ಹಲ್ಲಿನ ಡಾಕ್ಟರರ ಎರಡನೆಯ ಜ್ಞಾಪನೆ.
ಅಡುಗೆಮನೆಯಲ್ಲಿ ಕೂತು ಒಂದೊಂದಕ್ಕೇ ಸಹಿ ಹಾಕಿದೆ.
ಒಂದಕ್ಕೆ ಮಾತ್ರ ಕಾಗದ ಬರಲಿಲ್ಲ.
ಅದರ ಅವಧಿ ಎಂದು ತೀರಿತೋ
ನನಗೂ ಗೊತ್ತಿಲ್ಲ.

ಬಿಟ್ಟೆನೆಂದು ಹೇಳುವಂತಿಲ್ಲ. ಜಗಳವಾಡಿದ್ದರೆ
ತಾರೀಖಾದರೂ ನೆನಪಿರುತ್ತಿತ್ತು.
ಭಾನುವಾರದ ಪಾಳಿಗೆ ಒಂದೂವರೆ ಪಟ್ಟು ಕೂಲಿ;
ಮೊದಲು ಒಂದು ಭಾನುವಾರ, ಆಮೇಲೆ ಎರಡು,
ಆಮೇಲೆ ಊಟದ ಮುಂಚಿನ ಪ್ರಾರ್ಥನೆ
ಬಿಸಿ ಸಾರನ್ನು ಊದುವಷ್ಟು ಹೊತ್ತಿಗೆ ಇಳಿಯಿತು,
ಕಡೆಗೆ ಊದುವುದೊಂದೇ ಉಳಿಯಿತು.

ನಾನು ಬಸ್ಸು ಓಡಿಸುವವಳು.
ಹ್ಯಾಲಿಫ್ಯಾಕ್ಸಿನಿಂದ ಟಾಡ್ಮರ್ಡನ್, ಮತ್ತೆ ಹ್ಯಾಲಿಫ್ಯಾಕ್ಸ್,
ನದಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.
ಹದಿಮೂರು ಚಳಿಗಾಲ ಜನ ಸೀಟಿನ ಮೇಲೆ ಮರೆತದ್ದನ್ನು ಬಲ್ಲೆ:
ಕೊಡೆ, ಕಟ್ಟಿಸಿದ ಹಲ್ಲು, ಒಮ್ಮೆ ಜೀವಂತ ಆಮೆ.
ಎಲ್ಲಕ್ಕಿಂತ ಹೆಚ್ಚು ಕೈಗವಸು. ಯಾವಾಗಲೂ ಒಂದೇ.
ಕೊಡೆ ಕೇಳಿ ಬರುತ್ತಾರೆ, ಆಮೆಗಾಗಿ ಅಳುತ್ತ ಬಂದರು,
ಕೈಗವಸು ಕೇಳಿ ಬಂದವರಿಲ್ಲ.
ಬರಿಗೈಯನ್ನು ಜೇಬಿಗೆ ತುರುಕಿ
ಹಾಗೇ ಚಳಿಗಾಲ ಕಳೆಯುತ್ತಾರೆ.

ಬೆಟಗೇರಿಯಲ್ಲಿ, ವರ್ಷದ ಕೊನೆಯ ರಾತ್ರಿ,
ಆರಾಧನೆ ಮುಗಿದು ಗಂಟೆ ಬಾರಿಸಿದ ಮೇಲೆ
ತಟ್ಟೆಯಲ್ಲಿ ವಾಗ್ದಾನದ ಚೀಟಿ ಬರುತ್ತಿದ್ದವು, ತಲೆಗೊಂದು.
ಅಜ್ಜಿ ಎಸ್ತೇರವ್ವನಿಗೆ ಓದು ಬಾರದು.
ತನ್ನದನ್ನು ನನ್ನ ಕೈಗಿಡುತ್ತಿದ್ದಳು.
ಒಂದು ವರ್ಷ ಅದರಲ್ಲಿ ಕಾದುಕೊಂಡಿರು ಎಂದಷ್ಟೇ ಇತ್ತು.
ಇಡೀ ವರ್ಷಕ್ಕೆ ಇಷ್ಟೇನಾ ಎಂದು ಮರುಗಿ
ಹಾಲು ಜೇನು ಬೆರೆಸಿ ನಾನೇ ಒಂದು ವಾಕ್ಯ ಹೊಸೆದು ಓದಿದೆ.
ಅಜ್ಜಿ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ನಕ್ಕು,
“ಛಲೋ ಐತಿ. ಇದು ನಿನ್ನ ಚೀಟಿ.
ಈಗ ನಂದು ಓದವ್ವ,” ಅಂದಳು.

ಡಿಸೆಂಬರಿನಲ್ಲಿ ನನ್ನದೂ ಒಂದು ಕಳೆಯಿತು, ಎಡಗೈಯದು,
ಹೆಬ್ಬೆರಳಿಗೆ ಕರಿ ದಾರದ ಹೊಲಿಗೆ ಹಾಕಿದ್ದು.
ಈ ಊರಿನ ರೂಢಿ: ಬಿದ್ದದ್ದು ಕಂಡರೆ
ಹತ್ತಿರದ ಕಂಬಿಯ ತುದಿಗೆ ಸಿಕ್ಕಿಸಿ ಹೋಗುತ್ತಾರೆ.
ನನ್ನದನ್ನು ಸಿಕ್ಕಿಸಿದ್ದು ಚಾಪೆಲಿನ ಕಂಬಿಗೆ.
ದಿನಕ್ಕೆ ಆರು ಸಲ ಅದರ ಮುಂದೆ ಹಾದೆ.
ಮಂಜಿಗೆ ಬಿರುಸಾಗಿ ಐದೂ ಬೆರಳು ಮೇಲಕ್ಕೆ,
ಥೇಟ್ ಬಸ್ಸಿಗೆ ಅಡ್ಡ ಹಿಡಿದ ಕೈ.
ಅಲ್ಲಿ ಸ್ಟಾಪಿಲ್ಲ. ನಿಲ್ಲಿಸಲಿಲ್ಲ.
ಮೂರು ವಾರ ನಿಲ್ಲಿಸಲಿಲ್ಲ.

ರಜೆಯ ಭಾನುವಾರ ನಡೆದು ಹೋದೆ, ಕೈಗವಸಿಗೆಂದೇ.
ಬಾಗಿಲಲ್ಲಿ ಗ್ಲೆನಿಸ್, ಕೋಟಿನ ಮೇಲೆ ಕೋಟು,
“ಬಾಯ್ಲರ್ ಕೆಟ್ಟಿದೆ, ಒಳಗೂ ಇಷ್ಟೇ ಚಳಿ,” ಅಂದಳು.
ಇದಕ್ಕಿಂತ ನೇರವಾಗಿ ಯಾರೂ ನನ್ನನ್ನು ಕರೆದಿರಲಿಲ್ಲ.
ಒಂಬತ್ತು ಜನ. ನನ್ನಿಂದ ಹತ್ತು.
ವರ್ಷದ ಮೊದಲ ಭಾನುವಾರ ಇವರು
ಒಡಂಬಡಿಕೆಯನ್ನು ಹೊಸದು ಮಾಡುತ್ತಾರೆ, ಎಲ್ಲರೂ ಎದ್ದು ನಿಂತು.
ನನ್ನ ದನಿ ಚಳಿಗೆ ಹಿಡಿದ ಎಂಜಿನ್ನಿನ ಹಾಗೆ
ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು.
ಎಲ್ಲವೂ ನಿನ್ನದು ಎಂಬಲ್ಲಿ ಬಂದು ಮತ್ತೆ ನಿಂತಿತು.
ಎಲ್ಲವೂ ಅಂದರೆ? ಆ ಒಂದೂವರೆ ಪಟ್ಟೂ?
ಮಿಕ್ಕವರು ಮುಂದೆ ಹೋದರು. ನಾನು
ಅರ್ಧ ಹೇಳಿದವಳು, ಉಳಿದರ್ಧಕ್ಕೆ
ಸುಮ್ಮನೆ ನಿಂತೇ ಇದ್ದೆ.
ಅಜ್ಜಿಯ ಚೀಟಿ ಅಂದು ಮೊದಲ ಸಲ
ಬರೆದಿದ್ದ ಹಾಗೇ ಓದಿದೆ.

ಹೊರಗೆ ಬಂದು ಕಂಬಿಯಿಂದ ಬಿಡಿಸಿಕೊಂಡೆ.
ಒದ್ದೆ. ಮರಗಟ್ಟಿದ್ದ ಉಣ್ಣೆ. ಕೈಗವಸಿಗೆ
ತನ್ನದೆಂಬ ಬಿಸಿ ಇಲ್ಲ, ಹಾಕಿಕೊಂಡ ಕೈಯೇ
ನಡುಗುತ್ತ ನಡುಗುತ್ತ ಕೊಡಬೇಕು.
ಮನೆ ಮುಟ್ಟುವವರೆಗೂ ತಣ್ಣಗೇ ಇತ್ತು.

ಸೋಮವಾರ, ಐದೂ ನಲವತ್ತರ ಬಸ್ಸು, ಕತ್ತಲು.
ಚಾಪೆಲಿನ ಮುಂದೆ ಕಂಬಿ ಖಾಲಿ.
ಆದರೂ ಕಾಲು ತಾನಾಗಿ ಬ್ರೇಕಿಗೆ ಇಳಿಯಿತು.
ಹಿಂದಿನ ಸೀಟಿನಿಂದ ಯಾರೋ, ನಿದ್ದೆಗಣ್ಣಲ್ಲಿ:
“ಇಲ್ಲಿ ಯಾವಾಗಿಂದ ಸ್ಟಾಪು?”